ಹಂಪಿಗೆ ಹೊರಟವರಿಗೆ: ಯಾವ ದಂಡೆಯಲ್ಲಿ ಉಳಿಯಬೇಕು, ಯಾವ ಹೊತ್ತಿಗೆ ಏನು ನೋಡಬೇಕು

ದಸರಾ ರಜೆ ಹತ್ತಿರ ಬಂತೆಂದರೆ ಓದುಗರಿಂದ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ಹಂಪಿ ನೋಡಲು ಒಂದು ದಿನ ಸಾಕೇ? ರೂಮು ಹೊಸಪೇಟೆಯಲ್ಲಿ ಮಾಡಬೇಕೇ, ಹಂಪಿಯಲ್ಲೇ ಸಿಗುತ್ತದೆಯೇ? ಹೊಳೆಯ ಆಚೆ ಚೆನ್ನಾಗಿದೆ ಅನ್ನುತ್ತಾರಲ್ಲ, ಅದು ಹೇಗೆ?

ಮೊದಲನೆಯದಕ್ಕೆ ನೇರ ಉತ್ತರ: ಒಂದು ದಿನ ಸಾಲದು. ಎರಡು ರಾತ್ರಿ ಉಳಿಯುವ ಹಾಗೆ ಹೋಗಿ. ಹಂಪಿ 1336ರಿಂದ 1565ರವರೆಗೆ ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಊರು. ದೇವಸ್ಥಾನ, ಅರಮನೆಯ ಆವರಣ, ಪೇಟೆಬೀದಿ, ಕಾಲುವೆ, ಕೋಟೆಬಾಗಿಲು ಎಲ್ಲವೂ ಬಂಡೆಗುಡ್ಡಗಳ ನಡುವೆ ಹರಡಿಕೊಂಡಿವೆ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪ್ರದೇಶವೇ 41 ಚದರ ಕಿ.ಮೀ.ಗಿಂತ ಹೆಚ್ಚು. ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹಾಗಾಗಿ ಉಳಿದೆರಡು ಪ್ರಶ್ನೆಗಳಿಗೆ ಉತ್ತರ ನದಿಯ ಮೇಲೆ ನಿಂತಿದೆ. ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡಿ. ಮೊದಲು ತಂಗುವ ಊರನ್ನು ಗೊತ್ತುಮಾಡಿಕೊಳ್ಳಿ. ಬೆಳಗಿನ ಆರು ಗಂಟೆಗೆ ನೀವು ಎಲ್ಲಿರುತ್ತೀರಿ ಅನ್ನುವುದರ ಮೇಲೆ ಇಡೀ ಪ್ರವಾಸ ನಿಂತಿರುತ್ತದೆ.

1. ತಿಂಗಳನ್ನು ಆರಿಸಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬಿಸಿಲು ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಹಂಪಿಯ ಬಿಸಿಲಿಗೆ ಇನ್ನೊಂದು ಗುಣವಿದೆ. ಹಗಲೆಲ್ಲ ಕಾದ ಬಂಡೆಗಳು ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಕಾವು ಬಿಡುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಸಂಜೆ ಬೆಟ್ಟ ಹತ್ತಿದರೂ ತಂಪು ಸಿಗುವುದಿಲ್ಲ. ಶಾಲೆ ರಜೆ ಅಂತ ಬೇಸಿಗೆಯಲ್ಲೇ ಹೋಗಲೇಬೇಕಾದರೆ ಎ.ಸಿ. ಕೋಣೆ ಹಿಡಿಯಿರಿ, ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಹೊರಗೆ ಬರುವ ಯೋಚನೆ ಬಿಡಿ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗದ್ದೆಗಳು ಹಸಿರಾಗಿರುತ್ತವೆ, ಬಂಡೆಗಳು ತೊಳೆದಂತೆ ಹೊಳೆಯುತ್ತವೆ. ಆದರೆ ತುಂಗಭದ್ರಾ ಅಣೆಕಟ್ಟೆ ತುಂಬಿ ನೀರು ಬಿಟ್ಟರೆ ಹೊಳೆ ದಾಟಿಸುವ ದೋಣಿ ನಿಲ್ಲುತ್ತದೆ. ಇದನ್ನು ತಿಳಿಯಲು ಸುಲಭದ ಗುರುತೊಂದಿದೆ: ಹೊಳೆಯಂಚಿನ ಪುರಂದರ ಮಂಟಪ ಮುಳುಗಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡರೆ ಆ ವಾರ ಹೊಳೆ ದಾಟುವ ಆಸೆ ಬಿಡಿ.

ಜನಸಂದಣಿಯ ಲೆಕ್ಕವನ್ನೂ ಹಾಕಿ. ಹಂಪಿ ಉತ್ಸವದ ದಿನಾಂಕವನ್ನು ಸರ್ಕಾರ ಪ್ರತಿ ಸಲ ಪ್ರಕಟಿಸುತ್ತದೆ. ಮೊದಲೆಲ್ಲ ನವೆಂಬರಿನಲ್ಲಿ ನಡೆಯುತ್ತಿದ್ದದ್ದು ಈಚಿನ ವರ್ಷಗಳಲ್ಲಿ ಜನವರಿ, ಫೆಬ್ರವರಿಯತ್ತ ಸರಿದಿದೆ. ಆ ಮೂರು ದಿನ ಹೊಸಪೇಟೆಯ ಲಾಡ್ಜುಗಳು ಕಲಾವಿದರಿಂದ, ಅಧಿಕಾರಿಗಳಿಂದ ತುಂಬಿಹೋಗುತ್ತವೆ. ಡಿಸೆಂಬರಿನಲ್ಲಿ ಅಂಜನಾದ್ರಿ ಬೆಟ್ಟದ ಹನುಮಮಾಲೆ ವಿಸರ್ಜನೆಗೆ ಆಚೆ ದಂಡೆಯ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉತ್ಸವಕ್ಕೆಂದೇ ಹೋಗುವವರ ಮಾತು ಬೇರೆ. ಸ್ಮಾರಕ ನೋಡಲು ಹೋಗುವವರು ಆ ದಿನಗಳನ್ನು ತಪ್ಪಿಸಿ, ಸಾಧ್ಯವಾದರೆ ವಾರದ ನಡುವೆ ಹೋಗಿ.

2. ತಂಗುವ ಊರು ಗೊತ್ತುಮಾಡಿಕೊಳ್ಳಿ

ಇಲ್ಲಿ ನಾಲ್ಕು ಆಯ್ಕೆಗಳಿವೆ. ಇವನ್ನು ಒಂದಕ್ಕೊಂದು ಬೆರೆಸಿಕೊಂಡರೆ ದಿನವೂ ಎರಡು ಮೂರು ಗಂಟೆ ರಸ್ತೆಯಲ್ಲೇ ಕಳೆಯಬೇಕಾಗುತ್ತದೆ.

ಹೊಸಪೇಟೆ: ವಿಜಯನಗರ ಜಿಲ್ಲೆಯ ಕೇಂದ್ರ. ಹಂಪಿಗೆ 13 ಕಿ.ಮೀ. ರೈಲು ನಿಲ್ದಾಣ, ದೊಡ್ಡ ಬಸ್ ನಿಲ್ದಾಣ, ಆಸ್ಪತ್ರೆ, ಎಟಿಎಂ, ಎಲ್ಲ ದರದ ಲಾಡ್ಜು, ಹೋಟೆಲು ಎಲ್ಲವೂ ಇಲ್ಲೇ. ಮಾಂಸಾಹಾರದ ಊಟ ಬೇಕೆನ್ನುವವರಿಗೂ ಇದೇ ಊರು. ವಯಸ್ಸಾದವರು, ಕೂಸುಗಳು ಜೊತೆಗಿದ್ದರೆ, ಹತ್ತು ಹದಿನೈದು ಜನರ ಕುಟುಂಬವಾದರೆ ಯೋಚಿಸದೆ ಇಲ್ಲಿ ಉಳಿಯಿರಿ. ಕೊರತೆ ಒಂದೇ. ಸೂರ್ಯೋದಯ ನೋಡಬೇಕೆಂದರೆ ನಸುಕಿನಲ್ಲೇ ಆಟೊ ಗೊತ್ತುಮಾಡಿಟ್ಟಿರಬೇಕು, ರಾತ್ರಿ ತಡವಾದರೆ ಮರಳುವ ಬಸ್ಸು ಸಿಗದು.

ಕಮಲಾಪುರ: ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಸುಮಾರು 4 ಕಿ.ಮೀ. ಅರಮನೆ ಆವರಣಕ್ಕೆ ಇನ್ನೂ ಹತ್ತಿರ. ಕೆಎಸ್‌ಟಿಡಿಸಿಯ, ಅಂದರೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ, ಮಯೂರ ಭುವನೇಶ್ವರಿ ಇಲ್ಲಿದೆ. ದುಬಾರಿ ರೆಸಾರ್ಟುಗಳೂ ಈ ಸುತ್ತಲೇ ಇವೆ. ಸ್ವಂತ ಕಾರಿನಲ್ಲಿ ಬರುವ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ನಮ್ಮ ಅಭಿಪ್ರಾಯ. ದೇವಸ್ಥಾನದ ಕಡೆಗೂ ಅರಮನೆಯ ಕಡೆಗೂ ಹತ್ತು ನಿಮಿಷದ ದಾರಿ, ಮಧ್ಯಾಹ್ನ ಕೋಣೆಗೆ ಬಂದು ಮಲಗಿ ಮತ್ತೆ ಹೊರಡಬಹುದು. ಮಯೂರ ಭುವನೇಶ್ವರಿಯಲ್ಲಿ ವಾರಾಂತ್ಯದ ಕೋಣೆ ಬೇಕಿದ್ದರೆ ತಿಂಗಳ ಮೊದಲೇ ಕಾಯ್ದಿರಿಸಿ.

ಹಂಪಿ ಊರು: ವಿರೂಪಾಕ್ಷ ದೇವಸ್ಥಾನದ ಪಕ್ಕದ ಜನತಾ ಪ್ಲಾಟ್‌ನಲ್ಲಿ ಮನೆಗಳ ಮೇಲೆ ಎಬ್ಬಿಸಿದ ಸಣ್ಣ ಗೆಸ್ಟ್‌ಹೌಸುಗಳಿವೆ. ಕೋಣೆ ಚಿಕ್ಕದು, ಓಣಿ ಇಕ್ಕಟ್ಟು, ಕಾರು ಬಾಗಿಲವರೆಗೆ ಬಾರದು. ಊಟ ಸಸ್ಯಾಹಾರವೇ; ಮದ್ಯ, ಮಾಂಸ ಈ ಕ್ಷೇತ್ರದಲ್ಲಿ ಇಲ್ಲ. ಇಷ್ಟಿದ್ದರೂ ಒಬ್ಬರೇ, ಇಬ್ಬರೇ ಹೋಗುವವರಿಗೆ ಇದಕ್ಕೆ ಸಮನಾದದ್ದಿಲ್ಲ. ಎದ್ದು ಹತ್ತು ಹೆಜ್ಜೆ ನಡೆದರೆ ಹೊಳೆ. ದೇವಸ್ಥಾನದ ಆನೆ ಲಕ್ಷ್ಮಿ ಬೆಳಗಿನ ಸ್ನಾನಕ್ಕೆ ನೀರಿಗಿಳಿಯುವುದನ್ನು ನೋಡಿ, ಚಹಾ ಕುಡಿದು, ಪ್ರವಾಸಿ ಬಸ್ಸುಗಳು ಬರುವ ಹೊತ್ತಿಗೆ ನೀವು ಮಾತಂಗ ಬೆಟ್ಟ ಇಳಿದಿರುತ್ತೀರಿ. ದೇವಸ್ಥಾನದ ಎದುರಿನ ಸಾಲುಮಂಟಪಗಳಲ್ಲಿ ಈಗ ಯಾರೂ ವಾಸವಿಲ್ಲ, ಅಲ್ಲಿನ ಮನೆ, ಅಂಗಡಿಗಳನ್ನು 2011ರಲ್ಲೇ ತೆರವು ಮಾಡಿದ್ದಾರೆ. ಹಳೆಯ ಪ್ರವಾಸಕಥನ ಓದಿ ಹಂಪಿ ಬಜಾರಿನಲ್ಲಿ ರೂಮು ಹುಡುಕಬೇಡಿ.

ಆಚೆ ದಂಡೆ: ಆನೆಗೊಂದಿ, ಸಣಾಪುರ. ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಭತ್ತದ ಗದ್ದೆ, ಬಾಳೆತೋಟ, ಕಾಲುವೆಯ ನಡುವಿನ ಹೋಂಸ್ಟೇಗಳು. ಆನೆಗೊಂದಿಯಲ್ಲಿ ಕಿಷ್ಕಿಂಧ ಟ್ರಸ್ಟ್ ಹಳೆಯ ಮನೆಗಳನ್ನು ಉಳಿಸಿಕೊಂಡೇ ಅತಿಥಿಗಳಿಗೆ ಒದಗಿಸುವ ಕೆಲಸ ಮಾಡಿದೆ. ನಿಧಾನವಾಗಿ ನಾಲ್ಕೈದು ದಿನ ಇರುವವರಿಗೆ ಈ ದಂಡೆ ಸರಿ. ಎರಡೇ ದಿನಕ್ಕೆ ಬಂದವರು ಇಲ್ಲಿ ಉಳಿದರೆ ಮುಖ್ಯ ಸ್ಮಾರಕಗಳಿಗೆ ಹೋಗಿಬರುವುದರಲ್ಲೇ ಸೋತುಹೋಗುತ್ತಾರೆ.

ಕಾರಣ ಹೀಗಿದೆ. ಆನ್‌ಲೈನ್ ಬುಕಿಂಗ್ ತಾಣಗಳು ದೂರವನ್ನು ಹಕ್ಕಿ ಹಾರಿದಂತೆ ನೇರವಾಗಿ ಅಳೆಯುತ್ತವೆ. ‘ವಿರೂಪಾಕ್ಷ ದೇವಸ್ಥಾನಕ್ಕೆ 1 ಕಿ.ಮೀ.’ ಎಂದು ಬರೆದಿದ್ದನ್ನು ನಂಬಿ ದುಡ್ಡು ಕಟ್ಟುತ್ತೀರಿ. ನಡುವೆ ಹೊಳೆ ಇರುವುದು ಅಲ್ಲಿ ಕಾಣುವುದಿಲ್ಲ. ಹಗಲಲ್ಲಿ ದೋಣಿ ಇದ್ದರೆ ಐದು ನಿಮಿಷ. ದೋಣಿ ನಿಂತ ಮೇಲೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಬಳಸಿ ಸುತ್ತಬೇಕು. ಆನೆಗೊಂದಿಗಾದರೆ ಸುಮಾರು 20 ಕಿ.ಮೀ., ಸಣಾಪುರದ ಕಡೆಗೆ ಇನ್ನೂ ಮುಂದೆ. ಸಂಜೆ ದೋಣಿ ಕತ್ತಲಾಗುವ ಮೊದಲೇ ನಿಲ್ಲುತ್ತದೆ. ಹೇಮಕೂಟ ಬೆಟ್ಟದಲ್ಲಿ ಸೂರ್ಯಾಸ್ತ ನೋಡಿ ಇಳಿದು ಬರುವಷ್ಟರಲ್ಲಿ ದಡದಲ್ಲಿ ಯಾರೂ ಇರುವುದಿಲ್ಲ.

ಇನ್ನೊಂದು ಮಾತು. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ, ಹಳೆಯ ವಿಡಿಯೊಗಳಲ್ಲಿ ಹೊಗಳಿರುವ ವಿರೂಪಾಪುರ ಗಡ್ಡಿಯ (ಹೊಳೆಯ ನಡುಗಡ್ಡೆ) ರೆಸಾರ್ಟುಗಳು ಈಗಿಲ್ಲ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಅವನ್ನು ಕೆಡವಲಾಯಿತು. ಅದೇ ಹೆಸರಿನಲ್ಲಿ ಈಗ ಜಾಹೀರಾತು ಕಂಡರೆ ಜಾಗ ಎಲ್ಲಿದೆಯೆಂದು ಫೋನಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

3. ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ

ಕೋಣೆಯ ಫೋಟೊ ನೋಡಿ ಮರುಳಾಗಬೇಡಿ. ಈ ನಾಲ್ಕು ಮಾತು ಕೇಳಿ.

ಮೊದಲನೆಯದು, ಹೊಳೆಯ ಯಾವ ದಂಡೆ, ಯಾವ ಊರು? ‘ಹಂಪಿ’ ಎಂಬ ಹೆಸರಿಟ್ಟುಕೊಂಡ ಹೋಟೆಲುಗಳು ಹೊಸಪೇಟೆಯಲ್ಲೂ ಇವೆ, ಸಣಾಪುರದಲ್ಲೂ ಇವೆ, ತೋರಣಗಲ್ಲಿನ ದಾರಿಯಲ್ಲೂ ಇವೆ.

ಎರಡನೆಯದು, ಪರವಾನಗಿ ಇದೆಯೇ? ಸ್ಮಾರಕಗಳ ಸುತ್ತಲಿನ ಪ್ರದೇಶ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕೈಯಲ್ಲಿದೆ. ಅದರ ಒಳವಲಯಕ್ಕೆ ‘ಕೋರ್ ಜೋನ್’ ಅನ್ನುತ್ತಾರೆ. ಅಲ್ಲಿ ಅನುಮತಿ ಇಲ್ಲದೆ ಒಂದು ಶೆಡ್ಡು ಹಾಕುವಂತಿಲ್ಲ. ಅನುಮತಿ ಇಲ್ಲದ ಹೋಂಸ್ಟೇಗೆ ಬೀಗ ಬಿದ್ದರೆ ನಿಮ್ಮ ಮುಂಗಡವೂ ಹೋಯಿತು, ರಜೆಯೂ ಹೋಯಿತು. ಪೂರ್ತಿ ಹಣವನ್ನು ಮೊದಲೇ ಕಳಿಸಬೇಡಿ.

ಮೂರನೆಯದು, ಚೆಕ್-ಇನ್ ಎಷ್ಟು ಗಂಟೆಗೆ? ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಏಳರ ಸುಮಾರಿಗೆ ಹೊಸಪೇಟೆ ಮುಟ್ಟುತ್ತದೆ. ಕೋಣೆ ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ ಎಂದರೆ ಐದು ಗಂಟೆ ಬ್ಯಾಗು ಹೊತ್ತು ಅಲೆಯಬೇಕು. ಹೊಸಪೇಟೆಯ ಲಾಡ್ಜುಗಳಲ್ಲಿ ‘24 ಗಂಟೆ ಲೆಕ್ಕ’ ಎಂಬ ಪದ್ಧತಿ ಸಿಗುತ್ತದೆ. ನೀವು ಕೀಲಿ ಪಡೆದ ಗಳಿಗೆಯಿಂದ ಮರುದಿನ ಅದೇ ಗಳಿಗೆಯವರೆಗೆ ಒಂದು ದಿನ. ರೈಲಿನಲ್ಲಿ ಬರುವವರಿಗೆ ಇದೇ ಅನುಕೂಲ. ಅದಿಲ್ಲದಿದ್ದರೆ ಬ್ಯಾಗಿಟ್ಟು ಸ್ನಾನ ಮಾಡಲು ಅವಕಾಶವಿದೆಯೇ ಎಂದಾದರೂ ಕೇಳಿಕೊಳ್ಳಿ. ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಅನ್ನುವುದೂ ಇದೇ ಫೋನಿನಲ್ಲಿ ಆಗಿಬಿಡಲಿ.

ನಾಲ್ಕನೆಯದು ವಿದೇಶದಿಂದ ಬರುವವರಿಗೆ. ಅಮೆರಿಕ, ಬ್ರಿಟನ್ನಿನ ಪಾಸ್‌ಪೋರ್ಟ್ ಇರುವ ಮಕ್ಕಳು, ಅಳಿಯ, ಸೊಸೆ ಜೊತೆಗಿದ್ದರೆ ಅದನ್ನು ಮೊದಲೇ ತಿಳಿಸಿ. ವಿದೇಶಿಯರು ತಂಗಿದರೆ ಹೋಟೆಲಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ವಿವರ ಕೊಡಬೇಕು. ಈ ವ್ಯವಸ್ಥೆ ಇಟ್ಟುಕೊಳ್ಳದ ಸಣ್ಣ ಲಾಡ್ಜುಗಳು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಉಳಿದವರು ಎಲ್ಲರ ಆಧಾರ್ ಮೂಲಪ್ರತಿ ಇಟ್ಟುಕೊಂಡಿರಿ, ಒಬ್ಬರದು ಇದ್ದರೆ ಸಾಲದು.

4. ತಲುಪುವ ದಾರಿ

ರೈಲು: ನಿಲ್ದಾಣದ ಹೆಸರು ಹೊಸಪೇಟೆ, ಸಂಕೇತ ಎಚ್‌ಪಿಟಿ. ಹಂಪಿಯಲ್ಲಿ ರೈಲು ನಿಲ್ದಾಣವಿಲ್ಲ. ಮೈಸೂರು–ಹುಬ್ಬಳ್ಳಿ ನಡುವಿನ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೂಲಕ ಬರುತ್ತದೆ. ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಶುಕ್ರವಾರ ರಾತ್ರಿಯ ಟಿಕೆಟ್ ಬೇಕಿದ್ದರೆ ಕಾಯದೆ ಮೊದಲ ದಿನಗಳಲ್ಲೇ ಮಾಡಿಸಿ. ತತ್ಕಾಲ್ ಹಿಂದಿನ ದಿನ ಎ.ಸಿ.ಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ.

ರಸ್ತೆ: ಬೆಂಗಳೂರಿನಿಂದ ಸುಮಾರು 350 ಕಿ.ಮೀ., ತುಮಕೂರು–ಚಿತ್ರದುರ್ಗದ ಮೇಲೆ. ಚಿತ್ರದುರ್ಗದಲ್ಲಿ ಹೊಸಪೇಟೆಯ ಹೆದ್ದಾರಿಗೆ ತಿರುಗಬೇಕು. ಮಾತಿನ ಭರದಲ್ಲಿ ದಾವಣಗೆರೆಯ ಕಡೆಗೆ ಮುಂದುವರಿದುಬಿಡುವವರು ಅನೇಕರು. ಹುಬ್ಬಳ್ಳಿಯಿಂದ ಸುಮಾರು 160, ಬಳ್ಳಾರಿಯಿಂದ 60 ಕಿ.ಮೀ.

ವಿಮಾನ: ಹತ್ತಿರದ್ದು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ, ಹಂಪಿಗೆ ಸುಮಾರು 40 ಕಿ.ಮೀ. ವಿಮಾನಗಳು ಕಡಿಮೆ. ಟಿಕೆಟ್ ಸಿಗದಿದ್ದರೆ ಹುಬ್ಬಳ್ಳಿಗೆ ಇಳಿಯಿರಿ.

ಹೊಸಪೇಟೆ ಬಸ್ ನಿಲ್ದಾಣದಿಂದ ಹಂಪಿಗೆ ದಿನವಿಡೀ ಸಾರಿಗೆ ಬಸ್ಸುಗಳಿವೆ. ರಾಜ್ಯದ ಗುರುತಿನ ಚೀಟಿ ಇರುವ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಈ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಇಳಿಯುವಾಗಲೇ ‘ಕೊನೇ ಬಸ್ಸು ಎಷ್ಟೊತ್ತಿಗೆ ಅಣ್ಣ?’ ಎಂದು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ರೈಲು ನಿಲ್ದಾಣದಲ್ಲಿ ‘ಬಸ್ಸಿಲ್ಲ ಸಾರ್’ ಎನ್ನುವ ಮಾತಿಗೆ ತಕ್ಷಣ ಆಟೊ ಹತ್ತಬೇಡಿ. ಬಸ್ ನಿಲ್ದಾಣದವರೆಗೆ ಹೋಗಿ ನೋಡಿ.

5. ಓಡಾಟಕ್ಕೆ ವಾಹನ

ಎರಡು ದಿನದಲ್ಲಿ ಒಂದು ದಿನ ಆಟೊ, ಇನ್ನೊಂದು ದಿನ ಕಾಲ್ನಡಿಗೆ ಅಥವಾ ಸೈಕಲ್ಲು. ಇದು ಹದವಾದ ಜೋಡಿ. ಆಟೊ ಗೊತ್ತುಮಾಡುವಾಗ ‘ಇಡೀ ದಿನಕ್ಕೆ’ ಎಂದಷ್ಟೇ ಹೇಳಿದರೆ ಸಂಜೆ ಜಗಳ ಖಂಡಿತ. ಯಾವ ಯಾವ ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಮಧ್ಯಾಹ್ನದ ಕಾಯುವಿಕೆ ಸೇರಿದೆಯೇ, ಒಟ್ಟು ಎಷ್ಟು: ಇಷ್ಟನ್ನೂ ಹತ್ತುವ ಮೊದಲೇ ಮಾತಾಡಿ. ಜಾಗಗಳ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಇಬ್ಬರಿಗೂ ನೆಮ್ಮದಿ. ಮಾರ್ಗದರ್ಶಿ ಬೇಕಿದ್ದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರನ್ನೇ ಕರೆದುಕೊಳ್ಳಿ. ಒಳ್ಳೆಯ ಗೈಡು ಸಿಕ್ಕರೆ ಅರಮನೆ ಆವರಣದ ಅಡಿಪಾಯದ ಕಲ್ಲುಗಳು ಮಾತಾಡುತ್ತವೆ. ಗೈಡಿಲ್ಲದೆ ಅವು ಬರೀ ಕಟ್ಟೆಗಳಂತೆ ಕಾಣುತ್ತವೆ. ದುಡ್ಡು ಉಳಿಸಲು ಇಲ್ಲಿ ಕೈ ಬಿಗಿಹಿಡಿಯಬೇಡಿ.

6. ಟಿಕೆಟ್ಟಿನ ಲೆಕ್ಕ

ಹಂಪಿಯ ಬಹುಪಾಲು ಸ್ಮಾರಕಗಳಿಗೆ ಟಿಕೆಟ್ ಇಲ್ಲ. ಟಿಕೆಟ್ ಬೇಕಾದದ್ದು ವಿಜಯ ವಿಠ್ಠಲ ದೇವಸ್ಥಾನಕ್ಕೆ ಮತ್ತು ಜನಾನಾ ಆವರಣಕ್ಕೆ (ಕಮಲ ಮಹಲ್, ಆನೆಲಾಯ ಇರುವ ಗೋಡೆಯೊಳಗಿನ ಜಾಗ). ಪುರಾತತ್ವ ಸರ್ವೇಕ್ಷಣದ ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. 15 ವರ್ಷದೊಳಗಿನ ಮಕ್ಕಳಿಗಿಲ್ಲ. ಫೋನಿನಲ್ಲಿ ಮೊದಲೇ ಕೊಂಡರೆ ಸ್ವಲ್ಪ ಕಡಿಮೆ, ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಸರ್ಕಾರ ಕೊಡುವ ಕಾರ್ಡ್) ಇರುವವರಿಗೆ ಭಾರತೀಯರ ದರವೇ. ಕಾರ್ಡನ್ನು ಕೈಯಲ್ಲಿ ಹಿಡಿದೇ ಕೌಂಟರಿಗೆ ಹೋಗಿ.

ಅನೇಕರಿಗೆ ಗೊತ್ತಿಲ್ಲದ ಸಂಗತಿ: ಒಂದು ಕಡೆ ಕೊಂಡ ಟಿಕೆಟ್ಟು ಅದೇ ದಿನ ಇನ್ನೊಂದು ಕಡೆಗೂ, ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಆದ್ದರಿಂದ ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಿ, ಚೀಟಿಯನ್ನು ಎಸೆಯಬೇಡಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

7. ಮೊದಲ ದಿನ: ಟಿಕೆಟ್ಟಿನ ದಿನ

ಬೆಳಗ್ಗೆ ಎಂಟೂವರೆ ಹೊತ್ತಿಗೆ ವಿಠ್ಠಲ ದೇವಸ್ಥಾನದ ವಾಹನ ನಿಲುಗಡೆಯಲ್ಲಿರಿ. ವಾಹನ ಗೆಜ್ಜಲ ಮಂಟಪದ ಬಳಿಯೇ ನಿಲ್ಲಬೇಕು. ಅಲ್ಲಿಂದ ದೇವಸ್ಥಾನಕ್ಕೆ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿಯ ಸಾಲು ಹತ್ತು ಗಂಟೆಯ ಮೇಲೆ ಬೆಳೆಯುತ್ತ ಹೋಗುತ್ತದೆ. ಕಾಲು ಗಟ್ಟಿಯಿದ್ದವರು ನಡೆದೇ ಹೋಗಿ, ದಾರಿಯ ಪಕ್ಕದ ಪುಷ್ಕರಣಿ, ಉದ್ದುದ್ದ ಪೇಟೆಬೀದಿಯ ಕಂಬಗಳು ಗಾಡಿಯಿಂದ ಕಾಣುವುದಿಲ್ಲ.

50 ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಕಲ್ಲಿನ ರಥ ಇಲ್ಲಿಯದೇ. ಅದರ ಮೇಲೆ ಹತ್ತುವುದು, ಆನೆಗಳ ಮೇಲೆ ಮಗುವನ್ನು ಕೂರಿಸುವುದು ಬೇಡ. ರಂಗಮಂಟಪದ ಸಂಗೀತ ಕಂಬಗಳನ್ನು ಬಡಿಯುವುದಕ್ಕೂ ನಿಷೇಧವಿದೆ. ಲಕ್ಷಾಂತರ ಬೆರಳುಗಳು ತಟ್ಟಿ ತಟ್ಟಿ ಕಲ್ಲು ಸವೆದ ಮೇಲೆ ಬಂದ ನಿಷೇಧ ಅದು. ‘ಒಂದ್ಸಲ ಬಾರಿಸಿ ತೋರಿಸ್ತೀನಿ’ ಎನ್ನುವವರಿಗೆ ಬೇಡ ಎನ್ನಿ.

ಹತ್ತೂವರೆಗೆ ಹೊರಟು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಬನ್ನಿ. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ: ಬೆಟ್ಟ, ಹೊಳೆ, ಕೋಟೆ, ದೇವಸ್ಥಾನಗಳ ಸಮೇತ. ಅದರ ಸುತ್ತ ಹದಿನೈದು ನಿಮಿಷ ತಿರುಗಿದರೆ ಊರಿನ ನಕ್ಷೆ ತಲೆಯಲ್ಲಿ ಕೂರುತ್ತದೆ. ಊಟ ಮಾಡಿ ಮೂರರವರೆಗೆ ವಿಶ್ರಾಂತಿ.

ಮೂರರಿಂದ ಅರಮನೆ ಆವರಣ. ಮೊದಲು ಜನಾನಾ ಆವರಣ ಮುಗಿಸಿ, ಅದು ಬೇಗ ಮುಚ್ಚುತ್ತದೆ. ಆನೆಲಾಯದ ಹನ್ನೊಂದು ಕೋಣೆಗಳಿಗೆ ಸಂಜೆಯ ಬಿಸಿಲು ಎದುರಿನಿಂದ ಬೀಳುತ್ತದೆ. ಅಲ್ಲಿಂದ ಹಜಾರ ರಾಮ ದೇವಸ್ಥಾನ. ಇಲ್ಲಿ ಅವಸರ ಬೇಡ. ಹೊರಗಿನ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಂಗಸರು. ಮಹಾನವಮಿಯ ಮೆರವಣಿಗೆಯೇ ಕಲ್ಲಿನ ಮೇಲೆ ನಡೆದುಹೋಗುತ್ತಿದೆ. ಒಳಗೆ ಪ್ರದಕ್ಷಿಣೆ ಹಾಕುತ್ತ ಗೋಡೆ ನೋಡಿದರೆ ರಾಮಾಯಣ ಕಥೆ ಬಿಡಿಸಿಕೊಳ್ಳುತ್ತದೆ. ಮಕ್ಕಳಿಗೆ ಕಥೆ ಗೊತ್ತಿದ್ದರೆ ಅವರೇ ಗುರುತು ಹಿಡಿಯುತ್ತಾರೆ.

ಮಹಾನವಮಿ ದಿಬ್ಬ ಹತ್ತಿ ಇಳಿದ ಮೇಲೆ ಪಕ್ಕದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳನ್ನು ಹತ್ತಿರದಿಂದ ಗಮನಿಸಿ. ನುಣುಪಾದ ಕಪ್ಪು ಕಲ್ಲು. ಮಣ್ಣಿನಡಿ ಹುದುಗಿದ್ದ ಇದು ಬೆಳಕಿಗೆ ಬಂದದ್ದು 1980ರ ದಶಕದ ಉತ್ಖನನದಲ್ಲಿ. ಎಷ್ಟೋ ಕಲ್ಲುಗಳ ಮೇಲೆ ಸಣ್ಣ ಗುರುತುಗಳನ್ನು ಕೊರೆದಿದ್ದಾರೆ: ಯಾವ ದಿಕ್ಕು, ಎಷ್ಟನೆಯ ಸಾಲು ಎಂದು ತಿಳಿಸುವ ಕಲ್ಲುಕುಟಿಗರ ಗುರುತು. ಬೇರೆಡೆ ಕಡೆದು ಅಳತೆ ಮಾಡಿ ತಂದು ಇಲ್ಲಿ ಜೋಡಿಸಿದ ಲೆಕ್ಕ ಅದು. ಈ ಕೊಳಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಗಾಲುವೆ, ಅಂದರೆ ಕಂಬಗಳ ಮೇಲೆ ಕೂರಿಸಿದ ಕಲ್ಲಿನ ತೊಟ್ಟಿಗಳ ಸಾಲು, ಇನ್ನೂ ನಿಂತಿದೆ. ಹೆಚ್ಚಿನವರು ಕೊಳದ ಮುಂದೆ ಫೋಟೊ ತೆಗೆಸಿಕೊಂಡು ಅದರತ್ತ ತಿರುಗಿಯೂ ನೋಡದೆ ಹೋಗುತ್ತಾರೆ.

8. ಎರಡನೆಯ ದಿನ: ಕಾಲ್ನಡಿಗೆಯ ದಿನ

ನಸುಕಿನಲ್ಲಿ ಮಾತಂಗ ಬೆಟ್ಟ. ಹಂಪಿ ಬಜಾರಿನ ತುದಿಯ ಎದುರು ಬಸವಣ್ಣನ ಬಳಿಯಿಂದ ದಾರಿ. ಹತ್ತಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕೆಲವು ಕಡೆ ಮೆಟ್ಟಿಲು ಸವೆದು ಜಾರುತ್ತವೆ. ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ, ಟಾರ್ಚ್ ಇರಲಿ. ಕತ್ತಲಲ್ಲಿ ಒಬ್ಬರೇ ಹತ್ತಬೇಡಿ. ಮೇಲಿಂದ ಅಚ್ಯುತರಾಯ ದೇವಸ್ಥಾನ ಕಾಲಡಿಯಲ್ಲೇ ಕಾಣುತ್ತದೆ. ಆ ಕಡೆ ಇಳಿದು ಹೊಳೆದಂಡೆಯ ದಾರಿ ಹಿಡಿದರೆ ಕೋದಂಡರಾಮ ದೇವಸ್ಥಾನದ ಮೂಲಕ ಊರಿಗೆ ಮರಳಬಹುದು.

ತಿಂಡಿ ಮುಗಿಸಿ ವಿರೂಪಾಕ್ಷ ದೇವಸ್ಥಾನ. ಪೂಜೆ ನಿಲ್ಲದೆ ನಡೆದುಬಂದಿರುವ ಗುಡಿ. ತುಂಡು ಚಡ್ಡಿಯಲ್ಲಿ ಹೋಗಬೇಡಿ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ. ಗುಡಿಯ ಹಿಂಬದಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಸಣ್ಣ ಕಿಂಡಿಯಿಂದ ಬಂದ ಬೆಳಕು ಒಂಬತ್ತು ಅಂತಸ್ತಿನ ದೊಡ್ಡ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಮೋಡವಿದ್ದರೆ ಕಾಣದು, ಬಿಸಿಲು ಚೆನ್ನಾಗಿರುವ ಬೆಳಗಿನ ಹೊತ್ತೇ ಬೇಕು. ಎದುರಿನ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಕುಸಿದಿದೆ. ಮಳೆ ಬಂದಾಗ ಇಂಥ ಮಂಟಪಗಳಡಿ ನಿಲ್ಲುವ ಅಭ್ಯಾಸ ಬಿಡಿ.

ಸಂಜೆಗೆ ಕೃಷ್ಣ ದೇವಸ್ಥಾನ, ಉಗ್ರನರಸಿಂಹ, ಬಡವಿಲಿಂಗ, ಸಾಸಿವೆಕಾಳು ಮತ್ತು ಕಡಲೆಕಾಳು ಗಣಪ, ಕೊನೆಗೆ ಹೇಮಕೂಟ. ಎಲ್ಲವೂ ಒಂದೇ ರಸ್ತೆಯ ಮೇಲೆ ನಡೆದೇ ಮುಗಿಯುತ್ತವೆ. ಉಗ್ರನರಸಿಂಹ 6.7 ಮೀಟರ್ ಎತ್ತರದ ಏಕಶಿಲೆ, 1528ರದು. ಇದು ಮೂಲದಲ್ಲಿ ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿ, ದೇವರ ಬೆನ್ನ ಮೇಲೆ ಅವಳ ಕೈಯೊಂದು ಮಾತ್ರ ಉಳಿದಿದೆ. ಹೇಮಕೂಟದ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಚೌಕ ಗುಳಿಗಳು ಕಂಡರೆ ನಿಂತು ನೋಡಿ. ಆ ಗುಳಿಗಳಿಗೆ ಮರದ ಬೆಣೆ ಹೊಡೆದು ನೀರು ಹಾಕಿ, ಮರ ಉಬ್ಬಿದಾಗ ಬಂಡೆ ಸೀಳುತ್ತಿದ್ದರು. ಕೆಲವು ಬಂಡೆಗಳಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ.

9. ಮೂರನೆಯ ದಿನ ಇದ್ದರೆ ಆಚೆ ದಂಡೆ

ತಳವಾರಘಟ್ಟದಿಂದ ದೋಣಿಯಲ್ಲಿ ಆನೆಗೊಂದಿಗೆ ದಾಟಿ. ಹರಿಗೋಲಿನಲ್ಲಿ (ಬಿದಿರು ಹೆಣೆದು ಮಾಡಿದ ದುಂಡನೆಯ ತೆಪ್ಪ) ಹೋಗುವುದಾದರೆ ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಿ. ವಿಜಯನಗರಕ್ಕಿಂತ ಹಳೆಯ ಊರು ಆನೆಗೊಂದಿ. ಗಗನಮಹಲ್, ರಂಗನಾಥ ದೇವಸ್ಥಾನ ನೋಡಿ, ನೀರು ಕಡಿಮೆಯಿದ್ದರೆ ನಡುಗಡ್ಡೆಯ ನವಬೃಂದಾವನಕ್ಕೆ (ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ಜಾಗ) ಹೋಗಬಹುದು. ವ್ಯಾಸರಾಯರ ಬೃಂದಾವನವೂ ಇಲ್ಲಿರುವುದರಿಂದ ಮಾಧ್ವ ಭಕ್ತರು ಬರುತ್ತಲೇ ಇರುತ್ತಾರೆ. ಅಂಜನಾದ್ರಿಗೆ 575 ಮೆಟ್ಟಿಲು. ಬೆಳಗ್ಗೆ ಎಂಟರೊಳಗೆ ಹತ್ತಿ ಇಳಿದುಬಿಡಿ. ಶನಿವಾರ ಮಾತ್ರ ಬೇಡ. ಹನುಮನ ವಾರ, ಮೆಟ್ಟಿಲಮೇಲೇ ಸಾಲು ನಿಲ್ಲುತ್ತದೆ.

ಹೊಳೆಗೆ, ಸಣಾಪುರದ ಕೆರೆಗೆ ಈಜಲು ಇಳಿಯಬೇಡಿ. ಬಂಡೆಗಳ ಸಂದಿನಲ್ಲಿ ಸುಳಿಗಳಿವೆ, ಮೊಸಳೆಗಳಿವೆ, ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಥಟ್ಟನೆ ಏರುತ್ತದೆ. ಕತ್ತಲಾದ ಮೇಲೆ ಕಾಲುವೆ, ಕೆರೆಯ ದಂಡೆಯ ನಿರ್ಜನ ಜಾಗಗಳಲ್ಲಿ ಕೂರಬೇಡಿ. 2025ರ ಮಾರ್ಚಿನಲ್ಲಿ ಸಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯ ರಾತ್ರಿ ಹೊತ್ತಿನಲ್ಲಿ, ಕಾಲುವೆಯ ದಂಡೆಯಲ್ಲೇ ಆಯಿತು. ಹೋಂಸ್ಟೇಯವರೇ ‘ನಕ್ಷತ್ರ ನೋಡೋಣ ಬನ್ನಿ’ ಎಂದು ಕರೆದರೂ ಅಂಗಳದಲ್ಲೇ ಕೂತು ನೋಡಿ.

10. ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು. ಸ್ಮಾರಕಗಳ ನಡುವೆ ಅಂಗಡಿ ಸಿಗದ ದೂರಗಳಿವೆ. ಟೋಪಿ ಅಥವಾ ಕೊಡೆ. ಬಂಡೆಯ ಮೇಲೆ ಹಿಡಿತವಿರುವ ಶೂ, ಗುಡಿಗಳ ಬಳಿ ಬಿಚ್ಚಲು ಸುಲಭವಾದದ್ದು. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲಾಗದು, ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ನೂರು, ಐವತ್ತರ ನೋಟುಗಳಲ್ಲಿ ನಗದು; ಬಂಡೆಗಳ ನಡುವೆ ನೆಟ್‌ವರ್ಕ್ ಹೋದರೆ ಫೋನಿನಿಂದ ಹಣ ಕೊಡಲಾಗದು. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ಬಾಳೆಹಣ್ಣು, ತಿಂಡಿಯ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿದು ಓಡಾಡಬೇಡಿ. ಕೋತಿಗಳು ಚೀಲವನ್ನೇ ಕಸಿಯುತ್ತವೆ, ಎಳೆದಾಡಿದರೆ ಕಚ್ಚುತ್ತವೆ. ಕಚ್ಚಿದರೆ ಗಾಯವನ್ನು ಸೋಪಿನಲ್ಲಿ ಹದಿನೈದು ನಿಮಿಷ ಹರಿಯುವ ನೀರಿನಡಿ ತೊಳೆದು ಅದೇ ದಿನ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ವಿಷಯ ಕೇಳಿ. ಊರಿಗೆ ಹೋಗಿ ನೋಡೋಣ ಎಂದು ಮುಂದೂಡಬೇಡಿ. ಡ್ರೋನ್ ತರಬೇಡಿ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಟ್ರೈಪಾಡಿಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಮರಳುವ ದಿನ ರಾತ್ರಿಯ ರೈಲಾದರೆ ಕೋಣೆಯನ್ನು ಬೆಳಗ್ಗೆಯೇ ಬಿಟ್ಟು, ಬ್ಯಾಗನ್ನು ಲಾಡ್ಜಿನ ಕೌಂಟರಿನಲ್ಲಿಟ್ಟು ಚೀಟಿ ಪಡೆಯಿರಿ. ಹಂಪಿಯಿಂದ ಸಂಜೆ ಆರರ ಒಳಗೆ ಬಸ್ಸು ಹತ್ತಿದರೆ ಹೊಸಪೇಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದು ನಿಧಾನವಾಗಿ ನಿಲ್ದಾಣಕ್ಕೆ ನಡೆಯುವಷ್ಟು ಹೊತ್ತು ಉಳಿಯುತ್ತದೆ.